ಗುಟ್ಟಿನ ಬೀಗದ ಕೈ ಯಾರ ಬಳಿ?

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಪಾಠ ಹೇಳಿದ ನನಗೆ ಹಳೆಯ ವಿದ್ಯಾರ್ಥಿನಿಯರ ಫೋನು ಬರುವುದು ಹೊಸದಲ್ಲ. ಹೆಚ್ಚಿನವು ಮದುವೆಯ ಕರೆ, ಮಗು ಹುಟ್ಟಿದ ಸುದ್ದಿ. ಕೆಲವು ಮಾತ್ರ ಅಳುವಿನಿಂದಲೇ ಆರಂಭವಾಗುತ್ತವೆ. ನೆದರ್‌ಲ್ಯಾಂಡ್ಸ್ ದೇಶದ ಐಂಡ್‌ಹೋವನ್‌ನಿಂದ ಒಂದು ರಾತ್ರಿ ಬಂದದ್ದು ಅಂಥದೊಂದು ಫೋನು. ಸಾಫ್ಟ್‌ವೇರ್ ಕೆಲಸಕ್ಕೆಂದು ಅಲ್ಲಿಗೆ ಹೋದ ಹುಡುಗಿ. ಅವಳ ಮೇಲಧಿಕಾರಿ ಸಭೆಯಲ್ಲಿ ಎಲ್ಲರೆದುರು ಅವಳ ಉಚ್ಚಾರಣೆಯನ್ನು ಅಣಕಿಸುತ್ತಿದ್ದ. ಬೇಕೆಂದೇ ಕೆಲವು ಸಭೆಗಳಿಗೆ ಕರೆಯುತ್ತಿರಲಿಲ್ಲ. ಅವಳ ಉಡುಪಿನ ಬಗ್ಗೆ 'ತಮಾಷೆ' ಮಾಡುತ್ತಿದ್ದ.

"ಬರೆದು ದೂರು ಕೊಡಮ್ಮ" ಎಂದೆ.

"ಕೊಟ್ಟರೆ ಕೆಲಸ ಹೋಗುತ್ತೆ ಮೇಡಂ. ಕೆಲಸ ಹೋದರೆ ವೀಸಾನೂ ಹೋಗುತ್ತೆ. ಅಪ್ಪ ಮನೆ ಸಾಲ ತೀರಿಸ್ತಿರೋದು ನನ್ನ ದುಡ್ಡಲ್ಲಿ" ಎಂದಳು.

ಅವಳ ಭಯಕ್ಕೆ ಕಾರಣವಿತ್ತು. ಪರಿಣತ ಕೆಲಸಗಾರರೆಂದು ಆ ದೇಶಕ್ಕೆ ಹೋಗುವವರ ವಾಸದ ಪರವಾನಗಿ ಕರೆಸಿಕೊಂಡ ಕಂಪನಿಗೆ ಅಂಟಿಕೊಂಡಿರುತ್ತದೆ. ಕೆಲಸ ಹೋದರೆ ಬೇರೆ ಕೆಲಸ ಹುಡುಕಿಕೊಳ್ಳಲು ಸಿಗುವುದು ಹೆಚ್ಚೆಂದರೆ ಮೂರು ತಿಂಗಳು. ತವರಿಗೆ ಮರಳಲಾಗದೆ, ಗಂಡನ ಮನೆಯಲ್ಲಿ ಉಸಿರಾಡಲಾಗದೆ ಇರುವ ಹೆಣ್ಣುಮಗಳನ್ನು ಬಲ್ಲ ನಮಗೆ ಈ ಸ್ಥಿತಿ ಅಪರಿಚಿತವೇ?

ನನ್ನ ಸಲಹೆಯೇ ಅವಸರದ್ದಾಗಿತ್ತು ಎಂದು ಆಮೇಲೆ ಅನ್ನಿಸಿತು. ಗಂಡನಿಂದ ಹೊಡೆತ ತಿಂದು ಬರುವ ಹೆಂಗಸನ್ನು ಮೊದಲ ದಿನವೇ ಪೊಲೀಸ್ ಠಾಣೆಗೆ ನಡಿ ಎಂದರೆ ಎರಡನೆಯ ದಿನ ಆಕೆ ನಮ್ಮ ಬಾಗಿಲಿಗೂ ಬರುವುದಿಲ್ಲ. ಅವಳಿಗೆ ಮೊದಲು ಬೇಕಾದದ್ದು ಒಂದು ಲೋಟ ನೀರು, ಕೂತು ಕೇಳುವ ಒಬ್ಬರು, ಆಡಿದ ಮಾತು ಅಲ್ಲೇ ಉಳಿಯುತ್ತದೆಂಬ ಭರವಸೆ. ಮನೆಯ ದೌರ್ಜನ್ಯದಲ್ಲಿ ಕಲಿತ ಈ ಪಾಠವನ್ನು ಕಚೇರಿಯ ಮಾತು ಬಂದಾಗ ನಾನು ಮರೆತಿದ್ದೆ.

ಡಚ್ಚರು ಇದಕ್ಕೊಂದು ವ್ಯವಸ್ಥೆ ಮಾಡಿಕೊಂಡಿದ್ದಾರೆ. ಅಲ್ಲಿನ ಅನೇಕ ಸಂಸ್ಥೆಗಳಲ್ಲಿ 'ಫರ್ಟ್ರೌವನ್ಸ್‌ಪರ್ಸೋನ್' ಎಂಬೊಬ್ಬರಿರುತ್ತಾರೆ. ನಂಬುಗೆಯ ವ್ಯಕ್ತಿ ಎನ್ನೋಣ. ಸಂಸ್ಥೆಯ ಒಳಗಿನವರೂ ಇರಬಹುದು, ಹೊರಗಿನಿಂದ ನೇಮಿಸಿಕೊಂಡವರೂ ಇರಬಹುದು. ಅವರ ಕೆಲಸ ತನಿಖೆಯಲ್ಲ, ತೀರ್ಪೂ ಅಲ್ಲ. ಕೇಳುವುದು, ಮುಂದಿರುವ ದಾರಿಗಳನ್ನು ವಿವರಿಸುವುದು, ಬಯಸಿದರೆ ಆ ದಾರಿಯಲ್ಲಿ ಜೊತೆಗೆ ನಡೆಯುವುದು. ಬಂದವರ ಒಪ್ಪಿಗೆಯಿಲ್ಲದೆ ಹೆಜ್ಜೆ ಇಡುವಂತಿಲ್ಲ. ವರ್ಷದ ಕೊನೆಗೆ ಆಡಳಿತಕ್ಕೆ ವರದಿ ಕೊಡುವಾಗ ಎಷ್ಟು ಜನ ಬಂದರು, ಯಾವ ಬಗೆಯ ತೊಂದರೆ ಎಂದಷ್ಟೇ ಹೇಳುತ್ತಾರೆ. ಹೆಸರು ಹೇಳುವುದಿಲ್ಲ. ಇದಲ್ಲದೆ ಕಂಪನಿ ವೈದ್ಯರನ್ನು ಮಾಲೀಕರ ಗಮನಕ್ಕೆ ತರದೆ ನೇರವಾಗಿ ಕಾಣುವ ಹಕ್ಕು 2017ರಿಂದ ನೌಕರರಿಗಿದೆ. ವೈದ್ಯರು ತಮ್ಮ ವೃತ್ತಿಯ ಗೌಪ್ಯಕ್ಕೆ ಬದ್ಧರು.

ನನ್ನ ವಿದ್ಯಾರ್ಥಿನಿ ಕಂಪನಿ ನೇಮಿಸಿಕೊಂಡಿದ್ದ ಹೊರಗಿನ ಹೆಂಗಸೊಬ್ಬರನ್ನು ಕಂಡಳು. ಮೊದಲ ಸಲ ಅತ್ತಳಷ್ಟೇ. ಆಕೆಯ ಮಾತಿನಂತೆ ನಡೆದದ್ದನ್ನೆಲ್ಲ ತಾರೀಖು ಸಮೇತ ಬರೆದಿಡತೊಡಗಿದಳು. ಎರಡು ತಿಂಗಳ ನಂತರ ತಾನೇ ನಿರ್ಧರಿಸಿ, ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೇಲಧಿಕಾರಿಯ ಮೇಲಿನವರೊಡನೆ ಮಾತಾಡಿದಳು. ಅವಳನ್ನು ಬೇರೆ ತಂಡಕ್ಕೆ ಹಾಕಿದರು. ಆ ಮನುಷ್ಯ ಇದ್ದಲ್ಲೇ ಇದ್ದಾನೆ. ನ್ಯಾಯ ಸಿಕ್ಕಿತೇ? ಅರ್ಧ ಮಾತ್ರ. ಆದರೆ ಹುಡುಗಿ ಉಳಿದುಕೊಂಡಳು, ಕೆಲಸವೂ ಉಳಿಯಿತು.

ಹಾಗೆಂದು ಪಶ್ಚಿಮದಲ್ಲಿ ಎಲ್ಲವೂ ಸರಿಯಿದೆ ಎಂದು ಹೊಗಳುವವಳು ನಾನಲ್ಲ. ಲೈಂಗಿಕ ಕಿರುಕುಳ, ಹಿಂಸೆ, ಪೀಡನೆ, ತಾರತಮ್ಯ ಇವುಗಳನ್ನು ತಡೆಯುವುದು ಮಾಲೀಕರ ಹೊಣೆ ಎಂದು ಅಲ್ಲಿನ ದುಡಿಮೆಯ ಪರಿಸ್ಥಿತಿಗಳ ಕಾಯ್ದೆ ಹೇಳುತ್ತದೆ. ಆದರೂ ನಂಬುಗೆಯ ವ್ಯಕ್ತಿಯನ್ನು ನೇಮಿಸುವುದು ಕಡ್ಡಾಯವಾಗಬೇಕೆಂಬ ಮಸೂದೆಯನ್ನು ಅಲ್ಲಿನ ಕೆಳಮನೆ ಅಂಗೀಕರಿಸಿದ್ದು 2023ರಲ್ಲಷ್ಟೇ. ಆ ವ್ಯಕ್ತಿಗೆ ಸಂಬಳ ಕೊಡುವವರು ಮಾಲೀಕರೇ. ವಕೀಲರಿಗೆ, ವೈದ್ಯರಿಗೆ ಇರುವಂತೆ ನ್ಯಾಯಾಲಯದಲ್ಲಿ ಸಾಕ್ಷ್ಯ ಹೇಳಲು ನಿರಾಕರಿಸುವ ಹಕ್ಕನ್ನು ಕಾನೂನು ಅವರಿಗೆ ಕೊಟ್ಟಿಲ್ಲ. ಈ ಮಿತಿಯನ್ನು ಮೊದಲ ಭೇಟಿಯಲ್ಲೇ ಬಾಯಿಬಿಟ್ಟು ಹೇಳುವವರೇ ನಿಜವಾಗಿ ನಂಬಿಕೆಗೆ ಅರ್ಹರು.

ಬಾಗಿಲು ಇದ್ದ ಮಾತ್ರಕ್ಕೆ ಯಾರೂ ತಟ್ಟುವುದಿಲ್ಲ. 2022ರ ಜನವರಿಯಲ್ಲಿ ಅಲ್ಲಿನ ಹೆಸರಾಂತ ಹಾಡಿನ ಸ್ಪರ್ಧೆ 'ದ ವಾಯ್ಸ್ ಆಫ್ ಹಾಲೆಂಡ್' ಕಾರ್ಯಕ್ರಮದ ತೆರೆಮರೆಯ ಲೈಂಗಿಕ ಕಿರುಕುಳದ ದೂರುಗಳು ಹೊರಬಿದ್ದವು. ಕಾರ್ಯಕ್ರಮದ ಜನಕ ಜಾನ್ ಡಿ ಮೊಲ್, ಹೆಂಗಸರು ಬೇಗನೆ ಬಾಯಿ ಬಿಡಬೇಕಿತ್ತು ಎಂಬರ್ಥದ ಮಾತಾಡಿದರು. ಅವರದೇ ಸಂಸ್ಥೆಯ ಮಹಿಳಾ ನೌಕರರು ಪತ್ರಿಕೆಯ ಪುಟ ತುಂಬ ಜಾಹೀರಾತು ಹಾಕಿಸಿ, ತಪ್ಪು ಹೆಂಗಸರದಲ್ಲ ಎಂದು ಉತ್ತರ ಕೊಟ್ಟರು. ನಮ್ಮಲ್ಲೂ ವರದಕ್ಷಿಣೆಗೆ ಸೊಸೆ ಬಲಿಯಾದಾಗ "ಮೊದಲೇ ಹೇಳಬಾರದಿತ್ತೇ" ಎನ್ನುತ್ತಾರಲ್ಲ, ಇದೂ ಅದೇ ರಾಗ. 2024ರಲ್ಲಿ ಡಚ್ ಸಾರ್ವಜನಿಕ ಪ್ರಸಾರ ಸಂಸ್ಥೆಗಳ ಬಗ್ಗೆ ಮಾರ್ಟಿನ್ ಫಾನ್ ರೈನ್ ಅವರ ಸಮಿತಿ ಕೊಟ್ಟ ವರದಿಯ ಹೆಸರಿನ ತಾತ್ಪರ್ಯವೇ ಏನೂ ನೋಡಲಿಲ್ಲ, ಏನೂ ಕೇಳಲಿಲ್ಲ, ಏನೂ ಮಾಡಲಿಲ್ಲ ಎಂದು. ಮೇಲಿನವರು ಕಣ್ಣುಮುಚ್ಚಿ ಕೂತರೆ ನಂಬುಗೆಯ ವ್ಯಕ್ತಿಯ ಕೊಠಡಿ ಕಣ್ಣೀರು ಹರಿದುಹೋಗುವ ಮೋರಿಯಾಗುತ್ತದೆ, ಅಷ್ಟೆ.

ಇಷ್ಟಾದರೂ ಇದರಿಂದ ನಾವು ಕಲಿಯುವುದಿದೆ. ವಿಶಾಖಾ ತೀರ್ಪು ಬಂದದ್ದು 1997ರಲ್ಲಿ, ಕಾಯ್ದೆಯಾದದ್ದು 2013ರಲ್ಲಿ. ಆ ಕಾಯ್ದೆ ಬರುವಂತೆ ಮಾಡಿದ್ದು ಮಹಿಳಾ ಚಳವಳಿ. ಅದು ಸಣ್ಣ ಗೆಲುವಲ್ಲ. ಆದರೆ ಅದರ ಪ್ರಕಾರ ದೂರು ಬರವಣಿಗೆಯಲ್ಲಿರಬೇಕು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕೊಡಬೇಕು. ಕೊಟ್ಟ ಏಳು ಕೆಲಸದ ದಿನಗಳಲ್ಲಿ ಅದರ ಪ್ರತಿ ಆರೋಪಿಗೆ ಹೋಗುತ್ತದೆ. ನ್ಯಾಯದ ದೃಷ್ಟಿಯಿಂದ ಇದು ಸರಿಯೇ. ಆದರೆ ದೂರು ಕೊಡುವ ಮುಂಚಿನ ದಿನಗಳಲ್ಲಿ, ಕೊಡಲೋ ಬೇಡವೋ ಎಂದು ನಿದ್ದೆಗೆಟ್ಟ ರಾತ್ರಿಗಳಲ್ಲಿ, ಹೆಣ್ಣುಮಗಳು ಯಾರ ಬಳಿ ಹೋಗಬೇಕು? ಇನ್ನು ಗಾರ್ಮೆಂಟ್ ಕಾರ್ಖಾನೆಯ ಸೂಪರ್‌ವೈಸರ್‌ನ ಬೈಗುಳ, ಅವಮಾನಗಳು ಲೈಂಗಿಕ ಸ್ವರೂಪದವಲ್ಲದಿದ್ದರೆ ಈ ಕಾಯ್ದೆಯ ಕೈಗೆ ಸಿಗುವುದೇ ಇಲ್ಲ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು. ದೂರು ಸಮಿತಿಗೆ ಸೇರದ, ಆಡಳಿತಕ್ಕೂ ಅಂಜದ ಇಂಥ ಒಬ್ಬರು ಪ್ರತಿ ಕಾರ್ಖಾನೆ, ಕಾಲೇಜು, ಕಚೇರಿಗೂ ಬೇಕು. ಆಕೆಯ ನೇಮಕದಲ್ಲಿ ನೌಕರರ ಒಪ್ಪಿಗೆಯಿರಬೇಕು. ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಯೂನಿಯನ್‌ಗಳೂ ಮಹಿಳಾ ಸಂಘಟನೆಗಳೂ ಇದನ್ನು ಈಗಲೇ ಆರಂಭಿಸಬಹುದು.

ಮನೆಯ ಮಾತು ಹೊಸ್ತಿಲು ದಾಟಬಾರದು ಎಂದು ನಮಗೆ ಹೇಳಿಕೊಟ್ಟರು. ಕಂಪನಿಯ ಮಾನ ಕಾಪಾಡಿ ಎಂದು ನಮ್ಮ ಹೆಣ್ಣುಮಕ್ಕಳಿಗೆ ಹೇಳಿಕೊಡುತ್ತಿದ್ದಾರೆ. ಎರಡೂ ಗುಟ್ಟುಗಳು ಕಾಯುವುದು ಹೊಡೆಯುವವನನ್ನೇ. ನೊಂದವಳನ್ನು ಕಾಯುವ ಗುಟ್ಟು ಬೇರೆ. ಅದನ್ನು ಯಾವಾಗ ತೆರೆಯಬೇಕು, ಯಾರ ಮುಂದೆ ತೆರೆಯಬೇಕು ಎಂಬುದನ್ನು ಅವಳೇ ತೀರ್ಮಾನಿಸುತ್ತಾಳೆ. ಬೀಗದ ಕೈ ಅವಳ ಸೆರಗಿನಲ್ಲಿರಲಿ.