ಪಟ್ಟಿಯನ್ನು ಕಿತ್ತರೆ ಸಾಲದು

ಉಳುಕಿದ ಮಂಡಿಗೆ ನೋವಿನ ಔಷಧವುಳ್ಳ ಪ್ಲಾಸ್ಟರ್ ಪಟ್ಟಿಯನ್ನು ಅಂಟಿಸಿಕೊಳ್ಳುವುದು ಈಗ ವಾಡಿಕೆಯಾಗಿದೆ. ಕೆಲವರಿಗೆ ಒಂದೆರಡು ದಿನಗಳಲ್ಲಿ ಆ ಜಾಗವೆಲ್ಲ ಕೆಂಪೇರಿ, ತುರಿಸಿ, ನೀರ್ಗುಳ್ಳೆಗಳು ಏಳುವುದುಂಟು. ಆಗ ಪಟ್ಟಿಯನ್ನು ಕಿತ್ತೆಸೆದು, ಅಂಗಡಿಯಿಂದ ಯಾವುದೋ ಮುಲಾಮನ್ನು ತಂದು ಸವರುವವರು ಅನೇಕರು. ಇದನ್ನು ಚಿಕಿತ್ಸೆಯೆನ್ನಲು ನಾನು ಒಪ್ಪಲಾರೆ. ಕಾರಣವನ್ನರಿಯದೆ ಕಾರ್ಯವನ್ನು ಅಡಗಿಸುವುದು ವಿಜ್ಞಾನದ ಹಾದಿಯಲ್ಲ.

ಒಗ್ಗದ ವಸ್ತು ಪಟ್ಟಿಯ ಅಂಟಿನಲ್ಲಿರಬಹುದು. ಕೆಲವು ಅಂಟುಗಳಲ್ಲಿ ಪೈನ್ ಮರದ ರಾಳವಿರುತ್ತದೆ. ಇಲ್ಲವೆ ಔಷಧವೇ ಒಗ್ಗದಿರಬಹುದು. ಇದಕ್ಕೆ ಕೀಟೊಪ್ರೊಫೆನ್ ಒಳ್ಳೆಯ ನಿದರ್ಶನ. ಇದರ ಅಣು, ಮುಖ್ಯವಾಗಿ 320ರಿಂದ 400 ನ್ಯಾನೊಮೀಟರ್ ಅಲೆಯುದ್ದದ ಅತಿನೇರಿಳೆ ಕಿರಣಗಳಿಂದ ಪ್ರಚೋದಿತವಾಗಿ, ಚರ್ಮದ ಪ್ರೋಟೀನಿನೊಡನೆ ಬೆಸೆದುಕೊಳ್ಳುವುದು. ದೇಹದ ರಕ್ಷಣಾಕಣಗಳು ಆ ಬೆಸುಗೆಯನ್ನು ಪರಕೀಯವೆಂದು ಬಗೆದು ಮೇಲೆ ಬೀಳುವುವು.

ಔಷಧವು ಚರ್ಮದಲ್ಲಿ ಉಳಿದಿರುವುದರಿಂದ ಪಟ್ಟಿ ತೆಗೆದ ಮೇಲೂ ಬಿಸಿಲು ತಾಗಿದರೆ ಗುಳ್ಳೆ ಏಳಬಹುದು. ಆದುದರಿಂದಲೇ ಯೂರೋಪಿನ ಔಷಧ ನಿಯಂತ್ರಣ ಸಂಸ್ಥೆಯು 2010ರಲ್ಲಿ ಈ ಔಷಧವನ್ನು ಪರಿಶೀಲಿಸಿ, ಹಚ್ಚಿದ ಭಾಗವನ್ನು ಬಳಕೆ ಮುಗಿದ ಎರಡು ವಾರಗಳವರೆಗೂ ಬಿಸಿಲಿನಿಂದ ಕಾಪಾಡಬೇಕೆಂದು ತಿಳಿಸಿತು. ಗಾಜಿನ ಕಿಟಕಿಯ ಹಿಂದೆ ಕುಳಿತರೆ ಸಾಲದೆ ಎಂದು ನೀವು ಕೇಳಬಹುದು. ಸಾಲದು. ಸಾಧಾರಣ ಗಾಜು ಇನ್ನೂ ಕಿರಿಯ ಅಲೆಯುದ್ದದ ಕಿರಣಗಳನ್ನು ತಡೆಯುವುದಾದರೂ ಇವುಗಳಲ್ಲಿ ಬಹುಪಾಲನ್ನು ಒಳಬಿಡುವುದು. ಬಿಸಿಲು ತಡೆಯುವ ಕೆಲವು ಲೇಪಗಳಲ್ಲಿರುವ ಆಕ್ಟೊಕ್ರಿಲೀನ್, ಕೀಟೊಪ್ರೊಫೆನ್ ಒಗ್ಗದವರಿಗೆ ಅನೇಕ ವೇಳೆ ತಾನೂ ಒಗ್ಗದು. ಒತ್ತಾಗಿ ನೆಯ್ದ ಬಟ್ಟೆಯ ಮರೆಯೇ ಲೇಸು.

ಹಾಗಾದರೆ ಮಾಡತಕ್ಕದ್ದೇನು? ಪಟ್ಟಿಯನ್ನು ಮೆಲ್ಲನೆ ತೆಗೆದು, ಚರ್ಮವನ್ನೂ ಕೈಗಳನ್ನೂ ತೊಳೆದು, ತಣ್ಣೀರಿನ ಬಟ್ಟೆಯನ್ನಿಡಬೇಕು. ಗುಳ್ಳೆಗಳು ಹರಡಿದರೆ ವೈದ್ಯರನ್ನು ಕಾಣಬೇಕು. ಮುಖ ಊದಿಕೊಂಡರೆ ಅಥವಾ ಉಸಿರು ಕಟ್ಟಿದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸ್ಟಿರಾಯ್ಡ್ ಮುಲಾಮು ಉರಿಯೂತವನ್ನು ಶಮನಗೊಳಿಸುವುದು ನಿಜ. ಆದರೆ ಅದರ ಬಲವನ್ನೂ ಅವಧಿಯನ್ನೂ ವೈದ್ಯರೇ ಗೊತ್ತುಮಾಡಬೇಕು. ಹುಳುಕಡ್ಡಿಯನ್ನು ಒಗ್ಗದಿಕೆಯೆಂದು ತಪ್ಪು ತಿಳಿದು ಅದನ್ನೇ ಸವರಿದರೆ ರೋಗ ಹಬ್ಬುವುದು.

ಎಲ್ಲಕ್ಕಿಂತ ಮುಖ್ಯವಾಗಿ, ಪಟ್ಟಿಯ ಹೊದಿಕೆಯನ್ನು ಎಸೆಯಬಾರದು. ವೈದ್ಯರಿಗೆ ಅದೇ ಸಾಕ್ಷಿ. 1895ರಲ್ಲಿ ಜೋಸೆಫ್ ಯಾಡಾಸೋನ್ ತೋರಿಸಿಕೊಟ್ಟ ಪರೀಕ್ಷೆಯಲ್ಲಿ ಶಂಕಿತ ವಸ್ತುಗಳನ್ನು ಚರ್ಮಕ್ಕೆ ಅಂಟಿಸಿ ನೋಡುವರು. ಬೆಳಕಿನ ಪಾತ್ರವನ್ನು ಅರಿಯಬೇಕಾದರೆ ಅವುಗಳನ್ನೇ ಎರಡು ಸಾಲಾಗಿ ಅಂಟಿಸಿ, ಒಂದಕ್ಕೆ ಕಿರಣ ಹಾಯಿಸಿ, ಇನ್ನೊಂದನ್ನು ಮರೆಯಲ್ಲಿರಿಸಿ ಹೋಲಿಸುವರು. ಪ್ರಯೋಗಶಾಲೆಯಲ್ಲಿ ನೀವು ಕಲಿಯುವ ನಿಯಮವೇ ಇದು: ಒಂದನ್ನು ಮಾತ್ರ ಬದಲಿಸು, ಉಳಿದುದನ್ನು ಹಾಗೆಯೇ ಇಡು.

ಪಟ್ಟಿ ತಯಾರಿಸುವವರು ಔಷಧದ ಹೆಸರಿನೊಡನೆ ಅಂಟಿನ ವಿವರವನ್ನೂ ಬಿಸಿಲಿನ ಎಚ್ಚರಿಕೆಯನ್ನೂ ಓದಬಲ್ಲ ಅಕ್ಷರಗಳಲ್ಲಿ, ಕೊಳ್ಳುವವರ ಭಾಷೆಯಲ್ಲಿ ಅಚ್ಚುಹಾಕಬೇಕು. ತನಗೆ ಒಗ್ಗದ ವಸ್ತುವಿನ ಹೆಸರು ತಿಳಿಯದವನು ಅದನ್ನು ಮತ್ತೊಮ್ಮೆ ಹಣ ತೆತ್ತು ಕೊಂಡುಕೊಳ್ಳುವನು.