ಕಣ್ಣಿಗೆ ಹಬ್ಬ, ಆಟಕ್ಕೆ ಬರ

ದೊಡ್ಡ ವಿಡಿಯೊ ಗೇಮ್ ಒಂದರ ಟ್ರೇಲರ್ ಬಂದರೆ ಸಾಕು, ಸೊಲ್ಲಾಪುರದ ಕಾಲೇಜು ಕಟ್ಟೆಯಿಂದ ಅಕ್ಕಲಕೋಟದ ಬಸ್ ನಿಲ್ದಾಣದವರೆಗೆ ಒಂದೇ ಉದ್ಗಾರ: ‘ಗ್ರಾಫಿಕ್ಸ್ ಭಾರಿ ಅದಾವಲೇ!’ 2023ರ ಡಿಸೆಂಬರ್‌ನಲ್ಲಿ ಜಿಟಿಎ-6ರ ಮೊದಲ ಟ್ರೇಲರ್ ಬಂದಾಗಲೂ ಹಾಗೇ ಆಯಿತು. ಕಡಲತೀರದ ಜನಸಂದಣಿ, ಕೂದಲಿನ ಎಳೆ, ಮೈಮೇಲಿನ ಬೆಳಕು, ಎಲ್ಲದರ ಬಗ್ಗೆಯೂ ಮಾತಾಯಿತು. ಈ ಆಟದಲ್ಲಿ ಹಿಂದೆ ಮಾಡಲಾಗದ್ದೇನನ್ನು ಈಗ ಮಾಡಬಹುದು ಎಂದು ಕೇಳಿದವರು ಮಾತ್ರ ವಿರಳ.

ಇದು ಬರೀ ಅಭಿರುಚಿಯ ಜಗಳವಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಗೇಮ್ ತಯಾರಿಕೆಯನ್ನು ಉದ್ಯಮವಾಗಿ ಬೆಳೆಸುತ್ತೇವೆಂದು ಸರ್ಕಾರಗಳೂ ಹೊರಟಿರುವ ಕಾಲವಿದು. ನಿಜದಂತೆ ಕಾಣುವ ಚಿತ್ರವೇ ಒಳ್ಳೆಯ ಗೇಮಿನ ಗುರುತು ಎಂಬ ಭ್ರಮೆ ಈಗಲೇ ಬೇರು ಬಿಟ್ಟರೆ ನಮ್ಮಂಥ ಗಡಿಭಾಗದ ಹುಡುಗರು ಆಟ ಶುರುವಾಗುವ ಮುಂಚೆಯೇ ಸೋತಂತೆ. ಆಟದ ಜೀವ ಇರುವುದು ಅದರ ನಿಯಮದಲ್ಲಿ, ಹೊಸ ಕಲ್ಪನೆಯಲ್ಲಿ. ಚಿತ್ರ ಅದಕ್ಕೆ ದುಡಿಯಬೇಕು, ಅದರ ಮೇಲೆ ಸವಾರಿ ಮಾಡಬಾರದು.

ಮೊದಲ ಸಾಕ್ಷಿ ಆಡುವ ಹುಡುಗರೇ. ‘ಗ್ರಾಫಿಕ್ಸ್ ಭಾರಿ’ ಎಂದವನ ಕೈಯಲ್ಲಿರುವ ಫೋನನ್ನೇ ಒಮ್ಮೆ ಇಸಿದುಕೊಂಡು ನೋಡಿ. ಪಬ್‌ಜಿ ಮೊಬೈಲ್‌ನ ಭಾರತೀಯ ಆವೃತ್ತಿಯಾದ ಬಿಜಿಎಂಐ ತೆರೆದು ಸೆಟ್ಟಿಂಗ್ಸ್‌ಗೆ ಹೋದರೆ ಸ್ಮೂತ್, ಬ್ಯಾಲೆನ್ಸ್ಡ್, ಎಚ್‌ಡಿ, ಎಚ್‌ಡಿಆರ್ ಎಂದು ಗ್ರಾಫಿಕ್ಸ್‌ನ ಮೆಟ್ಟಿಲುಗಳು ಕಾಣುತ್ತವೆ. ಗೆಲ್ಲಲೆಂದೇ ಆಡುವವನು ಇಟ್ಟುಕೊಂಡಿರುವುದು ಕೆಳಗಿನ ಮೆಟ್ಟಿಲು, ‘ಸ್ಮೂತ್’. ಪಕ್ಕದಲ್ಲಿರುವ ಫ್ರೇಮ್ ರೇಟ್ ಮಾತ್ರ ಫೋನು ತಾಳುವಷ್ಟು ಮೇಲಕ್ಕೆ. ಏಕೆಂದರೆ ಗೋಡೆಯ ಮರೆಯಿಂದ ವೈರಿ ಇಣುಕಿದಾಗ ಬೇಕಾದದ್ದು ಹುಲ್ಲಿನ ಸೊಗಸಲ್ಲ, ಬೆರಳಿಗೆ ತಕ್ಷಣ ಓಗೊಡುವ ಪರದೆ. ಫೋನು ಬಿಸಿಯಾಗಿ ಚಿತ್ರ ಒಂದು ಕ್ಷಣ ತಡೆದರೆ ಅಲ್ಲಿಗೆ ಆಟ ಮುಗಿಯಿತು. ಬಾಯಲ್ಲಿ ಗ್ರಾಫಿಕ್ಸ್ ಹೊಗಳುವವನೇ ಬೆರಳಿನಿಂದ ಅದನ್ನು ಕಡಿಮೆ ಮಾಡುತ್ತಾನೆ. ಅವನ ಬಾಯಿಗಿಂತ ಬೆರಳನ್ನು ನಂಬುವುದು ಲೇಸು.

ಎರಡನೆಯ ಸಾಕ್ಷಿ ಮಾರುಕಟ್ಟೆ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ನಿಷೇಧವಾಗುವ ಮೊದಲೂ ಆಮೇಲೂ ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಸರಿಸಮನಾಗಿ ನಿಂತದ್ದು ಫ್ರೀ ಫೈರ್. ನೋಟದಲ್ಲಿ ಅದು ಪಬ್‌ಜಿಯ ಹತ್ತಿರಕ್ಕೂ ಬರುತ್ತಿರಲಿಲ್ಲ, ಆದರೆ ಅಗ್ಗದ ಫೋನಿನಲ್ಲಿ ಓಡುತ್ತಿತ್ತು, ಪಂದ್ಯ ಬೇಗ ಮುಗಿಯುತ್ತಿತ್ತು. 2022ರ ಫೆಬ್ರುವರಿಯಲ್ಲಿ ಅದಕ್ಕೂ ನಿಷೇಧ ಬಿತ್ತು, ಆ ಮಾತು ಬೇರೆ. ಇನ್ನು 2020ರ ಲಾಕ್‌ಡೌನ್‌ನಲ್ಲಿ ಅಜ್ಜಿ, ಸೊಸೆ, ಮೊಮ್ಮಕ್ಕಳನ್ನು ಒಂದೇ ಫೋನಿನ ಸುತ್ತ ಕೂಡಿಸಿದ ಗೇಮ್ ಯಾವುದು? ಮಹಾರಾಷ್ಟ್ರದ್ದೇ ಕಂಪನಿಯೊಂದು 2016ರಲ್ಲಿ ತಂದ ಲೂಡೊ ಕಿಂಗ್. ನಾಲ್ಕು ಬಣ್ಣ, ಒಂದು ದಾಳ, ಅಷ್ಟೆ. ಹತ್ತು ಕೋಟಿಗೂ ಹೆಚ್ಚು ಡೌನ್‌ಲೋಡ್ ಕಂಡ ಈ ಗೇಮು ನಮ್ಮ ಪಗಡೆಯ ವಂಶದ್ದು. 1896ರಲ್ಲಿ ಇಂಗ್ಲೆಂಡಿನಲ್ಲಿ ಲೂಡೊ ಹೆಸರಿನಲ್ಲಿ ಪೇಟೆಂಟ್ ಆದದ್ದೂ ಅದೇ ಆಟ. ಚೌಕಾಬಾರವನ್ನು ಸೀಮೆಸುಣ್ಣದಲ್ಲಿ ನೆಲಕ್ಕೆ ಬರೆದು, ಹುಣಸೆಬೀಜ ಒಡೆದು ಆಡಿದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೊರಗಿನ ಲೋಕದಲ್ಲೂ ಕತೆ ಇದೇ. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿಟ್ನೊವ್ ಬರೆದ ಟೆಟ್ರಿಸ್‌ನಲ್ಲಿ ಇದ್ದದ್ದು ಬೀಳುವ ತುಂಡುಗಳು ಮಾತ್ರ. ದಪ್ಪ ದಪ್ಪ ಚೌಕಗಳ ಮೈನ್‌ಕ್ರಾಫ್ಟ್ 30 ಕೋಟಿ ಪ್ರತಿಗಳ ಗಡಿ ದಾಟಿದೆ, ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. 2016ರ ಸ್ಟಾರ್‌ಡ್ಯೂ ವ್ಯಾಲಿ ಎಂಬ ಹೊಲಮನೆಯ ಗೇಮನ್ನು ಎರಿಕ್ ಬರೋನ್ ಎಂಬ ಒಬ್ಬನೇ ವ್ಯಕ್ತಿ ಕಟ್ಟಿದ. ಚಿತ್ರ, ಸಂಗೀತ, ಕೋಡು ಎಲ್ಲ ಅವನದೇ.

ಈಗ ಖರ್ಚಿನ ಮಾತಿಗೆ ಬರೋಣ, ಏಕೆಂದರೆ ರೋಗ ಹುಟ್ಟುವುದು ಅಲ್ಲಿ. ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್-2’ ತಯಾರಿಸಲು ಸುಮಾರು 22 ಕೋಟಿ ಡಾಲರ್ ತಗುಲಿತ್ತೆಂಬುದು 2023ರಲ್ಲಿ ಅಮೆರಿಕದ ನ್ಯಾಯಾಲಯಕ್ಕೆ ಸಲ್ಲಿಕೆಯಾದ ದಾಖಲೆಗಳಿಂದ ಹೊರಬಿತ್ತು. ಮುಖದ ಸುಕ್ಕು, ಬಟ್ಟೆಯ ಮಡಿಕೆ, ಮಳೆಗೆ ಒದ್ದೆಯಾದ ಕಲ್ಲು ಎಲ್ಲವನ್ನೂ ನಿಜದಂತೆ ಮೂಡಿಸಲು ನೂರಾರು ಜನ ವರ್ಷಗಟ್ಟಲೆ ದುಡಿಯಬೇಕು. ಅಷ್ಟು ಹಣ ಸುರಿದ ಕಂಪನಿ ಹೊಸ ಪ್ರಯೋಗಕ್ಕೆ ಕೈ ಹಾಕೀತೆ? ಹಿಂದೆ ಗೆದ್ದದ್ದನ್ನೇ ಎರಡನೆಯ ಭಾಗ, ಮೂರನೆಯ ಭಾಗ ಎಂದು ಮತ್ತೆ ಕಾಯಿಸಿ ಬಡಿಸುತ್ತದೆ. ನೈಜತೆಯ ಗೀಳು ಸ್ವಂತಿಕೆಯನ್ನು ಬರೀ ಬದಿಗೆ ತಳ್ಳುವುದಿಲ್ಲ, ಅದರ ಅನ್ನವನ್ನೇ ಕಸಿಯುತ್ತದೆ.

ಹಾಗೆ ಸುರಿದ ಹಣ ಕಾಪಾಡುತ್ತದೆಯೇ ಎಂದರೆ ಅದೂ ಇಲ್ಲ. ಸೋನಿ ಕಂಪನಿಯ ‘ಕಾನ್‌ಕಾರ್ಡ್’ 2024ರ ಆಗಸ್ಟ್ 23ರಂದು ಬಂತು. ನೋಟದಲ್ಲಿ ಕೊರತೆಯಿರಲಿಲ್ಲ, ಆದರೆ ಬೇರೆಯವರು ಆಗಲೇ ಆಡಿಸಿ ಮುಗಿಸಿದ್ದ ಆಟವೇ ಅದರೊಳಗಿತ್ತು. ಸೆಪ್ಟೆಂಬರ್ 6ಕ್ಕೆ ಸರ್ವರ್ ಬಂದ್, ಕೊಂಡವರಿಗೆ ಹಣ ವಾಪಸ್. 2020ರ ಡಿಸೆಂಬರ್‌ನಲ್ಲಿ ಬಂದ ‘ಸೈಬರ್‌ಪಂಕ್ 2077’ರ ಬೆಳಕಿನ ವೈಭವ ಹಳೆಯ ಪ್ಲೇಸ್ಟೇಷನ್-4ರಲ್ಲಿ ಎಷ್ಟು ಮುಗ್ಗರಿಸಿತೆಂದರೆ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದುಹಾಕಿತು.

ಎದುರು ಪಕ್ಷದ ಬಲವಾದ ಉದಾಹರಣೆಯನ್ನು ನಾನೇ ಕೊಡುತ್ತೇನೆ. ಚೀನಾದ ‘ಬ್ಲ್ಯಾಕ್ ಮಿತ್: ವುಕಾಂಗ್’ 2024ರ ಆಗಸ್ಟ್‌ನಲ್ಲಿ ಬಂದು ಮೂರೇ ದಿನಗಳಲ್ಲಿ ಒಂದು ಕೋಟಿ ಪ್ರತಿ ಮಾರಿತು. ಅದರ ತಂಡ ಶಾಂಶಿ ಪ್ರಾಂತ್ಯದ ಹಳೆಯ ದೇಗುಲಗಳನ್ನೂ ಮೂರ್ತಿಗಳನ್ನೂ ಸ್ಕ್ಯಾನ್ ಮಾಡಿ ಗೇಮಿನೊಳಗೆ ಇಳಿಸಿತು. ಆಮೇಲೆ ಆ ದೇಗುಲಗಳಿಗೆ ಪ್ರವಾಸಿಗರ ದಂಡೇ ಹೊರಟಿತು. ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್‌ಗಳಲ್ಲಂತೂ ಮೋಡ, ರನ್‌ವೇ, ಬೆಟ್ಟಗಳು ನಿಜದಂತಿರದಿದ್ದರೆ ಆಟಕ್ಕೆ ಅರ್ಥವೇ ಇಲ್ಲ. ಒಪ್ಪಿದೆ. ಆದರೆ ವುಕಾಂಗ್ ಗೆದ್ದದ್ದು ಕಲ್ಲು ಕಲ್ಲಿನಂತೆ ಕಂಡಿತೆಂದಲ್ಲ. ಅದು ತನ್ನ ಮಣ್ಣಿನ ವಾನರನ ಕತೆ, ತನ್ನ ಊರಿನ ಕಲ್ಲು. ಅದೇ ತಂತ್ರಜ್ಞಾನ ಹಿಡಿದು ಅಮೆರಿಕದ ಬೀದಿಯನ್ನೇ ಇನ್ನೊಮ್ಮೆ ಬಿಡಿಸಿದ್ದರೆ ಶಾಂಶಿಯ ಹೆಸರು ನಮಗೆ ಗೊತ್ತಾಗುತ್ತಿತ್ತೆ?

ಸೊಲ್ಲಾಪುರದವರಿಗೆ ಈ ವಾದ ಹೊಸದಲ್ಲ, ನಮ್ಮ ಹಾಸಿಗೆಯ ಮೇಲೆಯೇ ಹಾಸಿಕೊಂಡಿದೆ. ಅಕ್ಕಲಕೋಟ ರಸ್ತೆಯ ಎಂಐಡಿಸಿಯ ಕಾರ್ಖಾನೆಗಳಲ್ಲಿ ನೇಯುವ ಚಾದರದ ನವಿಲನ್ನು ಹತ್ತಿರದಿಂದ ನೋಡಿ. ಅದರ ಕೊರಳು ದುಂಡಗಿಲ್ಲ, ಮೆಟ್ಟಿಲು ಮೆಟ್ಟಿಲಾಗಿದೆ. ವಿನ್ಯಾಸಗಾರ ಅದನ್ನು ಗ್ರಾಫ್ ಹಾಳೆಯಲ್ಲಿ ಚೌಕ ತುಂಬಿ ಬರೆಯುತ್ತಾನೆ. ಆ ಚೌಕಗಳಂತೆ ಕಾರ್ಡಿಗೆ ತೂತು ಹೊಡೆಯುತ್ತಾರೆ. ತೂತಿದ್ದಲ್ಲಿ ಮಗ್ಗದ ಜಕಾರ್ಡ್ ಯಂತ್ರ ಹಾಸಿನೆಳೆಯನ್ನು ಎತ್ತುತ್ತದೆ, ಇಲ್ಲದಲ್ಲಿ ಬಿಡುತ್ತದೆ. ಈಗ ಎಷ್ಟೋ ಕಡೆ ಆ ಗ್ರಾಫ್ ಕಂಪ್ಯೂಟರಿಗೆ ಹೋಗಿದೆ, ಲೆಕ್ಕ ಮಾತ್ರ ಅದೇ. ಹಳೆಯ ವಿಡಿಯೊ ಗೇಮಿನ ಮಾರಿಯೊ ಹುಟ್ಟಿದ್ದೂ ಹೀಗೆಯೇ, ಚೌಕಕ್ಕೆ ಚೌಕ ಜೋಡಿಸಿ. ನವಿಲು ನಿಜದಂತಿಲ್ಲವೆಂದು ಚಾದರವನ್ನು ಯಾರೂ ಅಂಗಡಿಗೆ ಹಿಂದಿರುಗಿಸಿಲ್ಲ. ಕೈಗೆ ಸಿಕ್ಕ ಚೌಕಗಳಲ್ಲೇ ನವಿಲೆಂದು ಗುರುತು ಹತ್ತುವಂತೆ ಮಾಡಿದ್ದೇ ಅಲ್ಲಿನ ಜಾಣ್ಮೆ.

ಹಾಗಾದರೆ ನಮ್ಮ ಮಣ್ಣಿನಲ್ಲಿ ಆಟಕ್ಕೆ ಸರಕಿಲ್ಲವೆ? ಸಂಕ್ರಾಂತಿಯ ಗಡ್ಡಾ ಜಾತ್ರೆಯನ್ನೇ ತೆಗೆದುಕೊಳ್ಳಿ. ಸಿದ್ಧರಾಮೇಶ್ವರರ ಏಳು ನಂದಿಧ್ವಜಗಳು 68 ಲಿಂಗಗಳ ದರ್ಶನಕ್ಕೆ ಹೊರಡುತ್ತವೆ. ಮುಗಿಲೆತ್ತರದ ಕೋಲನ್ನು ನೆಟ್ಟಗೆ ಹಿಡಿದು ಇಕ್ಕಟ್ಟಿನ ಓಣಿ, ಗಾಳಿ, ತಲೆಯ ಮೇಲಿನ ತಂತಿ, ಸುತ್ತಲಿನ ಜನಜಂಗುಳಿ ಎಲ್ಲವನ್ನೂ ದಾಟಬೇಕು. ದಣಿದವನು ಕೋಲು ವಾಲುವ ಮುಂಚೆ ಇನ್ನೊಬ್ಬನಿಗೆ ದಾಟಿಸಬೇಕು. ತೂಕ, ಸಮಯ, ಹೊಂದಾಣಿಕೆ, ಒಂದು ಒಳ್ಳೆಯ ಗೇಮಿಗೆ ಬೇಕಾದ ನಿಯಮವೆಲ್ಲ ಇದರಲ್ಲೇ ಇದೆ. ನಾಲ್ಕು ಗೆರೆಯಲ್ಲಿ ಬಿಡಿಸಿದರೂ ಎದೆ ಡವಗುಟ್ಟುತ್ತದೆ. ಅಥವಾ 1930ರ ಮೇ ತಿಂಗಳನ್ನು ನೋಡಿ. ಸ್ವಾತಂತ್ರ್ಯ ಚಳವಳಿಗಾರರ ಮೇಲಿನ ಗೋಲಿಬಾರಿನ ನಂತರ ಬ್ರಿಟಿಷ್ ಆಡಳಿತ ಊರಿನ ಮೇಲೆ ಹಿಡಿತ ಕಳೆದುಕೊಂಡಾಗ ಕೆಲವು ದಿನ ಜನರೇ ಸೊಲ್ಲಾಪುರವನ್ನು ನಡೆಸಿದರು, ಆಮೇಲೆ ಮಾರ್ಷಲ್ ಲಾ ಬಂತು. ಆ ಹೋರಾಟಕ್ಕಾಗಿ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂಧೆ, ಶ್ರೀಕೃಷ್ಣ ಸಾರ್ಡಾ 1931ರ ಜನವರಿ 12ರಂದು ಗಲ್ಲಿಗೇರಿದರು. ಪೊಲೀಸರಿಲ್ಲದ ಊರನ್ನು ನಾಲ್ಕು ದಿನ ಸಂಭಾಳಿಸುವ ಗೇಮೊಂದನ್ನು ಮಾಡಲು ನಯವಾದ ಗ್ರಾಫಿಕ್ಸ್ ಏನೂ ಬೇಡ. ಇತಿಹಾಸ ಓದಿದ ತಲೆ ಬೇಕು.

ಇಲ್ಲಿಂದ ಸುಮಾರು 250 ಕಿ.ಮೀ. ದೂರದ ಪುಣೆಯಲ್ಲಿ ಇಂಥ ಪ್ರಯತ್ನ ಆಗಿದೆ. ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಪುಟ್ಟ ತಂಡ 2020ರಲ್ಲಿ ತಂದ ‘ರಾಜಿ’ಯಲ್ಲಿ ತಮ್ಮನನ್ನು ಹುಡುಕಿ ಹೊರಟ ಹುಡುಗಿಯ ಕತೆಯನ್ನು ತೊಗಲುಗೊಂಬೆಯ ನೆರಳಾಟದಲ್ಲಿ ಹೇಳಲಾಗಿದೆ. ಲೋಕವೆಲ್ಲ ಮೆಚ್ಚಿದ್ದು ಆ ಸ್ವಂತ ಚಹರೆಯನ್ನು. ಟೀಕೆ ಬಂದದ್ದು ಚಿತ್ರ ನಿಜದಂತಿಲ್ಲ ಎಂದಲ್ಲ, ಕಾದಾಟ ತೊಡಕಾಗಿದೆ, ಕೊನೆ ಥಟ್ಟನೆ ಬಂದುಬಿಡುತ್ತದೆ ಎಂದು. ಅಂದರೆ ಎಡವಿದ್ದೂ ಆಟದಲ್ಲೇ.

ಅನಿಮೇಷನ್, ಗೇಮಿಂಗ್ ಮೊದಲಾದ ಉದ್ಯಮಗಳಿಗಾಗಿ ಕರ್ನಾಟಕ 2024–29ರ ಎವಿಜಿಸಿ-ಎಕ್ಸ್‌ಆರ್ ನೀತಿಯನ್ನು ತಂದಿದೆ, ಮಹಾರಾಷ್ಟ್ರ ಸಂಪುಟವೂ 2025ರಲ್ಲಿ ತನ್ನದೇ ನೀತಿಗೆ ಒಪ್ಪಿಗೆ ಕೊಟ್ಟಿದೆ. ಈ ನೀತಿಗಳ ಹಣವೆಲ್ಲ ಬೆಂಗಳೂರು, ಮುಂಬಯಿಗಳ ಹೊಳೆಯುವ ಸ್ಟುಡಿಯೊ ಮತ್ತು ದುಬಾರಿ ಯಂತ್ರಗಳಿಗೇ ಹೋದರೆ ನಾವು ಹೊರಗಿನ ಕಂಪನಿಗಳಿಗೆ ಎಲೆ, ಕಲ್ಲು, ಕೂದಲು ಬಿಡಿಸಿಕೊಡುವ ಕೂಲಿಗಳಾಗಿ ಉಳಿಯುತ್ತೇವೆ. ಅದರಲ್ಲೊಂದು ಪಾಲು ಸಣ್ಣ ಊರಿನ ಸಣ್ಣ ತಂಡಗಳಿಗೆ ಮೀಸಲಾಗಲಿ. ಅರ್ಜಿ ಪರಿಶೀಲಿಸುವವರು ಟ್ರೇಲರ್ ನೋಡಿ ತಲೆದೂಗದೆ, ಹತ್ತು ನಿಮಿಷ ಆಡಿ ನೋಡಲಿ. ಸೊಲ್ಲಾಪುರ ವಿಶ್ವವಿದ್ಯಾಲಯ ವರ್ಷಕ್ಕೊಮ್ಮೆ ಕನ್ನಡ, ಮರಾಠಿ, ತೆಲುಗು ಮೂರರಲ್ಲೂ ಗೇಮ್ ಕಟ್ಟುವ ಸ್ಪರ್ಧೆ ನಡೆಸಲಿ.

ಗೇಮ್ ಮಾಡಬೇಕೆಂದಿರುವ ಹುಡುಗ ಹುಡುಗಿಯರಿಗೆ ಒಂದೇ ಮಾತು. ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಅಪ್ಪನ ಮುಂದೆ ಕೈ ಚಾಚುವ ಮೊದಲು ನಿಮ್ಮ ಆಟವನ್ನು ಹಾಳೆಯ ಮೇಲೆ ಗೆರೆ ಎಳೆದು, ಬೀಜ ಇಟ್ಟು ನಾಲ್ಕು ಮಂದಿಗೆ ಆಡಿಸಿ. ಅಲ್ಲಿ ಮಜಾ ಬಾರದ ಆಟ ಯಾವ ಗ್ರಾಫಿಕ್ಸ್‌ನಲ್ಲೂ ಮಜಾ ಕೊಡುವುದಿಲ್ಲ.