ಪೋರ್ಟರನ ವಂತಿಗೆ

ಕಾರ್ಮಿಕ ಸಂಘದ ಸಭೆಯೆಂದರೆ ಅದರ ಸದಸ್ಯರಿಗೇ ಅಷ್ಟಾಗಿ ಹಿಡಿಸುವ ಸಂಗತಿಯಲ್ಲ. ದಿನವಿಡೀ ದುಡಿದು ದಣಿದವನಿಗೆ ಮನೆ, ಊಟ, ಹಾಸಿಗೆಗಳು ನೆನಪಾಗುವುದು ಸಹಜ. ನೂರು ಮಂದಿಯ ಶಾಖೆಯಲ್ಲಿ ಹನ್ನೆರಡು ಮಂದಿ ಬಂದು ಕುಳಿತರೆ ಕಾರ್ಯದರ್ಶಿಗೆ ಅದೇ ಹಬ್ಬ. ಹಿಂದಿನ ಸಭೆಯ ವರದಿಯನ್ನು ಓದುತ್ತಾನೆ, ಯಾರೋ ಆಕಳಿಸುತ್ತಾರೆ, ಯಾರೋ ಎದ್ದು ಒಂದು ನಿರ್ಣಯವನ್ನು ಮಂಡಿಸುತ್ತಾರೆ, ಕೈಗಳು ಮೇಲೇಳುತ್ತವೆ. ಮನೆಯಲ್ಲಿ ಉಳಿದ ಎಂಬತ್ತೆಂಟು ಮಂದಿಯ ವಂತಿಗೆಯೂ ಆ ಕೈಗಳ ಹಿಂದೆಯೇ ಹೊರಟುಬಿಡುತ್ತದೆ.

ಅದು ಎಲ್ಲಿಗೆ ಹೋಗಬಹುದೆಂಬುದಕ್ಕೆ ಇಂಗ್ಲೆಂಡಿನ ರೈಲ್ವೆ ನೌಕರರ ಸಂಘವೊಂದರ ಎರಡು ಶಾಖೆಗಳ ಕಥೆಯುಂಟು.

1899ರಲ್ಲಿ ಡಾನ್‌ಕಾಸ್ಟರ್ ಶಾಖೆಯ ಸಭೆಯಲ್ಲಿ ತಾಮಸ್ ಸ್ಟೀಲ್ಸ್ ಎಂಬ ಸಿಗ್ನಲ್ ನೌಕರನು ಒಂದು ನಿರ್ಣಯವನ್ನು ತಂದನು. ಕಾರ್ಮಿಕ ಸಂಘಗಳು, ಸಹಕಾರ ಸಂಘಗಳು, ಸಮಾಜವಾದಿ ಸಂಸ್ಥೆಗಳು ಒಂದೆಡೆ ಕಲೆತು, ಪಾರ್ಲಿಮೆಂಟಿಗೆ ಹೆಚ್ಚು ಮಂದಿ ಕಾರ್ಮಿಕ ಪ್ರತಿನಿಧಿಗಳನ್ನು ಕಳುಹಿಸುವ ಮಾರ್ಗವನ್ನು ಹುಡುಕಬೇಕೆಂಬುದು ಅದರ ಸಾರ. ಪುಟ್ಟ ಶಾಖೆಯ ಆ ಕಾಗದವು ಅದೇ ವರ್ಷ ಪ್ಲಿಮತ್‌ನಲ್ಲಿ ನೆರೆದ ಕಾರ್ಮಿಕ ಸಂಘಗಳ ಮಹಾಧಿವೇಶನವನ್ನು ತಲುಪಿತು. ಸದಸ್ಯಬಲದ ಲೆಕ್ಕದಲ್ಲಿ ಮತವೆಣಿಸಿದಾಗ ಪರವಾಗಿ 5,46,000, ವಿರೋಧವಾಗಿ 4,34,000. ಮರುವರ್ಷ ಫೆಬ್ರುವರಿಯಲ್ಲಿ ಲಂಡನ್ನಿನಲ್ಲಿ ಒಂದು ಸಮಿತಿ ರಚಿತವಾಯಿತು. 1906ರ ಚುನಾವಣೆಯಲ್ಲಿ 29 ಸ್ಥಾನಗಳನ್ನು ಗೆದ್ದು, ಲೇಬರ್ ಪಕ್ಷವೆಂಬ ಹೆಸರನ್ನು ಧರಿಸಿದ್ದು ಆ ಸಮಿತಿಯೇ.

ಗೆಲ್ಲುವುದೇನೋ ಗೆದ್ದರು, ಹೊಟ್ಟೆಗೇನು ಮಾಡಬೇಕು? ಆಗ ಪಾರ್ಲಿಮೆಂಟಿನ ಸದಸ್ಯರಿಗೆ ಸಂಬಳವೇ ಇರಲಿಲ್ಲ. ಜಮೀನ್ದಾರನಿಗೆ ಅದರ ಚಿಂತೆಯಿಲ್ಲ. ಗಣಿಯಿಂದಲೋ ರೈಲ್ವೆಯಿಂದಲೋ ಬಂದವನು ಲಂಡನ್ನಿನಲ್ಲಿ ಬದುಕುವ ಬಗೆ ಹೇಗೆ? ಸಂಘವೇ ಅವನನ್ನು ಸಾಕಬೇಕು. ಸಭಾಂಗಣದ ಬಾಡಿಗೆ, ಕರಪತ್ರಗಳ ಅಚ್ಚು, ಊರೂರು ಸುತ್ತುವ ಖರ್ಚು, ಎಲ್ಲವೂ ಸದಸ್ಯರ ಜೇಬಿನಿಂದಲೇ ಬರಬೇಕು. ರೈಲ್ವೆ ಸಂಘವು ಇದಕ್ಕಾಗಿ ಎಲ್ಲರ ಮೇಲೂ ವಂತಿಗೆ ಹಾಕಿತು.

ಅದೇ ಸಂಘದ ವಾಲ್ತಮ್‌ಸ್ಟೋ ಶಾಖೆಯ ಕಾರ್ಯದರ್ಶಿ ವಾಲ್ಟರ್ ಆಸ್ಬೋರ್ನ್. ವೃತ್ತಿಯಲ್ಲಿ ಆತನು ರೈಲ್ವೆ ಪೋರ್ಟರುಗಳ ಮುಖ್ಯಸ್ಥ. ರಾಜಕೀಯದಲ್ಲಿ ಲಿಬರಲ್ ಪಕ್ಷದವನು. ಸಂಘ ಬೇಕು, ಮುಷ್ಕರವೂ ಸರಿ. ಆದರೆ ತಾನು ಒಪ್ಪದ ಪಕ್ಷಕ್ಕೆ ತನ್ನ ದುಡಿಮೆಯ ಕಾಸೇಕೆ ಹೋಗಬೇಕು ಎಂದು ಆತನು ನ್ಯಾಯಾಲಯದ ಮೆಟ್ಟಿಲೇರಿದನು. ಮೊದಲು ಸೋತು, ಮೇಲಿನ ಕೋರ್ಟಿನಲ್ಲಿ ಗೆದ್ದನು. 1909ರ ಡಿಸೆಂಬರಿನಲ್ಲಿ ಪ್ರಭುಸಭೆಯ ನ್ಯಾಯಾಧೀಶರೂ ಆತನ ಪರವಾಗಿಯೇ ತೀರ್ಪಿತ್ತರು: ಸಂಘದ ಉದ್ದೇಶಗಳಲ್ಲಿ ರಾಜಕೀಯವನ್ನು ಕಾನೂನು ಹೇಳಿಲ್ಲವಾದ್ದರಿಂದ ಅದಕ್ಕೆ ಹಣ ತೆಗೆಯಲಾಗದು.

ಒಂದು ಶಾಖೆ ಹಚ್ಚಿದ ದೀಪದ ಎಣ್ಣೆಯನ್ನು ಇನ್ನೊಂದು ಶಾಖೆಯವನು ಬಸಿದುಬಿಟ್ಟನೆಂದು ಸಂಘದವರು ಕುದಿದದ್ದರಲ್ಲಿ ಆಶ್ಚರ್ಯವೇನು? ಆದರೂ ಆಸ್ಬೋರ್ನನು ಎತ್ತಿದ ಪ್ರಶ್ನೆ ಪೊಳ್ಳೆನ್ನುವಂತಿಲ್ಲ. ಪಾರ್ಲಿಮೆಂಟು ಎರಡು ಕಡೆಯವರನ್ನೂ ಸಮಾಧಾನಪಡಿಸಬೇಕಾಯಿತು. 1911ರಲ್ಲಿ ಸದಸ್ಯರಿಗೆ ವರ್ಷಕ್ಕೆ 400 ಪೌಂಡು ಸಂಬಳ ಗೊತ್ತಾಯಿತು. 1913ರ ಕಾಯಿದೆಯು ರಾಜಕೀಯಕ್ಕೆ ಬೇರೆ ನಿಧಿಯನ್ನಿಡಲು ಸಂಘಗಳಿಗೆ ಅನುಮತಿಯಿತ್ತಿತು. ಮೊದಲು ಸದಸ್ಯರ ಮತ ಪಡೆಯಬೇಕು, ಬೇಡವೆಂದು ಬರೆದುಕೊಟ್ಟವನಿಂದ ಕಾಸು ವಸೂಲು ಮಾಡಕೂಡದು.

ಇಲ್ಲೊಂದು ಸೂಕ್ಷ್ಮವಿದೆ. ಏನನ್ನೂ ಬರೆದುಕೊಡದ ಸೋಮಾರಿಯ ಕಾಸು ಯಾರದು? 1913ರ ಕಾಯಿದೆಯಂತೆ ಪಕ್ಷದ್ದು. ಮಹಾ ಮುಷ್ಕರದ ಮರುವರ್ಷ, 1927ರಲ್ಲಿ, ಸರ್ಕಾರವು ನಿಯಮವನ್ನು ತಿರುಗಿಸಿ, ಕೊಡುತ್ತೇನೆಂದು ಬರೆದುಕೊಟ್ಟವನಿಂದ ಮಾತ್ರ ಪಡೆಯಬೇಕೆಂದಿತು. ಒಂದೇ ವರ್ಷದಲ್ಲಿ ಸಂಘಗಳ ಮೂಲಕ ಪಕ್ಷಕ್ಕೆ ಸೇರಿದವರ ಸಂಖ್ಯೆಯು ಸುಮಾರು 32 ಲಕ್ಷದಿಂದ ಸುಮಾರು 20 ಲಕ್ಷಕ್ಕೆ ಇಳಿಯಿತು. ಅವರೆಲ್ಲರೂ ಮನಸ್ಸು ಬದಲಿಸಿದ್ದರೆ? ಬಹುಮಂದಿ ಒಂದು ಕಾಗದಕ್ಕೆ ಸಹಿ ಹಾಕಲು ಬೇಸರಪಟ್ಟಿರಬೇಕು. 1946ರಲ್ಲಿ ಲೇಬರ್ ಸರ್ಕಾರ ಹಳೆಯ ನಿಯಮವನ್ನೇ ಮರಳಿ ತಂದಿತು; 2016ರಲ್ಲಿ ಕನ್ಸರ್ವೆಟಿವ್ ಸರ್ಕಾರ ಹೊಸ ಸದಸ್ಯರ ಮಟ್ಟಿಗೆ ಮತ್ತೆ ತಿರುಗಿಸಿತು. ಮೌನಿಯ ಮೌನಕ್ಕಾಗಿ ಇಷ್ಟು ದೀರ್ಘವಾದ ಹಗ್ಗಜಗ್ಗಾಟ!

ಈ ಜಗಳದ ಫಲವು ನಮ್ಮ ದೇಶಕ್ಕೂ ಬಂದಿತು. 1918ರಲ್ಲಿ ಸ್ಥಾಪಿತವಾದ ಮದರಾಸು ಕಾರ್ಮಿಕ ಸಂಘದ ಬಿ. ಪಿ. ವಾಡಿಯಾ ಮೊದಲಾದವರ ಮೇಲೆ ಬಿನ್ನಿ ಕಂಪೆನಿಯು ಮದರಾಸು ಹೈಕೋರ್ಟಿನಿಂದ ತಡೆಯಾಜ್ಞೆ ತಂದಾಗ, ಸಂಘಗಳಿಗೆ ಕಾನೂನಿನ ಆಸರೆಯೇ ಇಲ್ಲವೆಂಬುದು ಬಯಲಾಯಿತು. 1921ರಲ್ಲಿ ಎನ್. ಎಂ. ಜೋಶಿಯವರು ಕೇಂದ್ರ ಶಾಸನಸಭೆಯಲ್ಲಿ ನಿರ್ಣಯವನ್ನು ಮಂಡಿಸಿದರು, 1926ರಲ್ಲಿ ಕಾಯಿದೆಯಾಯಿತು. ಅದರ ಹದಿನಾರನೆಯ ವಿಧಿಯು ಶಾಸನಸಭೆಯ ಚುನಾವಣೆಯ ಖರ್ಚಿಗೆ ಮಾತ್ರವಲ್ಲದೆ, ಪುರಸಭೆಯಂಥ ಸ್ಥಳೀಯ ಸಂಸ್ಥೆಗಳ ಚುನಾವಣೆಗೂ, ಪ್ರಚಾರ ಸಭೆಗಳಿಗೂ, ಕರಪತ್ರಗಳಿಗೂ ಪ್ರತ್ಯೇಕ ನಿಧಿಯನ್ನು ಕೂಡಿಸಲು ಅವಕಾಶವಿತ್ತಿತು. ಆದರೆ ಯಾರನ್ನೂ ಬಲವಂತಪಡಿಸುವಂತಿರಲಿಲ್ಲ. ಕೊಡದವನಿಗೆ ಆ ನಿಧಿಯ ಆಡಳಿತದಲ್ಲಿ ಮಾತ್ರ ಪಾಲಿಲ್ಲ. ಉಳಿದ ಯಾವ ಸೌಲಭ್ಯವನ್ನೂ ತಪ್ಪಿಸಕೂಡದು, ಸಂಘಕ್ಕೆ ಸೇರಲು ಈ ವಂತಿಗೆಯನ್ನು ಷರತ್ತಾಗಿಸಲೂ ಕೂಡದು.

ಆಸ್ಬೋರ್ನನಿಗೆ ಅಂಥ ರಕ್ಷಣೆ ಇರಲಿಲ್ಲ. ಮೊಕದ್ದಮೆಯನ್ನು ಗೆದ್ದ ಆತನನ್ನು ಸಂಘವು ಹೊರಹಾಕಿತು.